ದೂರು ಕೊಟ್ಟವನ ಮೇಲೇ ಕೇಸು

"ಮಾವ, ಮೀಟರ್ ಬೋರ್ಡಲ್ಲಿ ಅದೇನೋ ನಲ್ಲಿ ಥರದ್ದು ಹತ್ಕೊಂಡಿದೆ. ಹಳದಿ ಬಣ್ಣ. ಗಾಡಿ ನಿಲ್ಲಿಸ್ಲಾ?"

ಅಕ್ಕನ ಮಗನ ಫೋನು. ಬೆಂಗಳೂರಿನಿಂದ ತುಮಕೂರಿಗೆ, ನಮ್ಮ ಮನೆಗೆ ಹೊರಟವನು ನೆಲಮಂಗಲ ಟೋಲ್ ದಾಟಿದ್ದನಷ್ಟೇ.

"ಮಿಣಕ್ ಮಿಣಕ್ ಅಂತಿದೆಯೋ, ಸುಮ್ನೆ ಉರೀತಿದೆಯೋ?"

"ಸುಮ್ನೆ ಉರೀತಿದೆ."

"ಹಂಗಾದ್ರೆ ನಿಧಾನಕ್ಕೆ ಬಾ. ಮಿಣುಕೋಕೆ ಶುರುವಾದ್ರೆ ಮಾತ್ರ ಸೈಡಿಗೆ ಹಾಕಿ ಆಫ್ ಮಾಡ್ಬಿಡು."

ನನಗೆ ಗೊತ್ತಿದ್ದದ್ದು ಇಷ್ಟೇ. ಚೆಕ್ ಎಂಜಿನ್ ಲೈಟು ಸುಮ್ಮನೆ ಉರಿದರೆ ದೂರು ದಾಖಲಾಗಿದೆ ಎಂದರ್ಥ, ನಾಳೆ ತೋರಿಸಿದರೂ ನಡೆಯುತ್ತದೆ. ಮಿಣುಕಿದರೆ ಯಾವುದೋ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ, ಹಸಿ ಪೆಟ್ರೋಲು ಪೈಪಿಗಿಳಿದು ಅಲ್ಲಿ ಹೊತ್ತಿಕೊಳ್ಳುತ್ತಿದೆ. ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಪಿಂಗಾಣಿ ಕರಗಿ ಹೋಗುತ್ತದೆ.

ಸಂಜೆ ಅವನು ಬಂದದ್ದು ನಮಗೆ ಕಾಣುವ ಮೊದಲೇ ಕೇಳಿಸಿತು. ಎದುರು ಮನೆಯ ನಾಯಿ ಎದ್ದು ನಿಂತಿತು. ಹತ್ತು ವರ್ಷ ಹಳೆಯ, ಸೆಕೆಂಡ್ ಹ್ಯಾಂಡ್, 1.6 ಲೀಟರಿನ ಪೆಟ್ರೋಲ್ ಕಾರು. ಹಿಂದಿನ ವಾರವಷ್ಟೇ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಂಪನಿಯ ಬೀಡಿನ ಮ್ಯಾನಿಫೋಲ್ಡ್ ಕಿತ್ತು ಸ್ಟೇನ್‌ಲೆಸ್ ಸ್ಟೀಲಿನ ಹೆಡರ್ ಕೂರಿಸಿದ್ದರು, ಹಿಂದೆ 'ಫ್ರೀ ಫ್ಲೋ' ಸೈಲೆನ್ಸರ್. ಕಿತ್ತ ಹಳೇ ಸಾಮಾನನ್ನು ಅವನು ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದ. ಅದೊಂದು ಜಾಣತನ ಮಾಡಿದ್ದ ಎಂದು ಆಮೇಲೆ ಗೊತ್ತಾಯಿತು.

ಊಟಕ್ಕೆ ಮುಂಚೆಯೇ ಪಕ್ಕದ ಮನೆಯ ಹುಡುಗನ ಬ್ಲೂಟೂತ್ ಡಾಂಗಲನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆವು. ಎರಡು ಕೋಡು. ಪಿ0171, ಅಂದರೆ ಮಿಶ್ರಣ ತೀರಾ ತೆಳು, ಪೆಟ್ರೋಲಿಗಿಂತ ಗಾಳಿ ಹೆಚ್ಚು. ಪಿ0141, ಅಂದರೆ ಹಿಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ತೊಂದರೆ. ಅವನು ಅದರ ಫೋಟೋ ತೆಗೆದು ಅಂಗಡಿಯವನಿಗೆ ಕಳಿಸಿದ. ಐದು ನಿಮಿಷಕ್ಕೆ ಉತ್ತರ: ಓಟು ಸೆನ್ಸರ್ ಎರಡೂ ಹೋಗಿವೆ, ಗಾಡಿ ಹಳೇದಲ್ವಾ, ಎರಡನ್ನೂ ಬದಲಿಸಬೇಕು, 18 ಸಾವಿರ ಆಗುತ್ತೆ. ಬೇಡ ಅಂದ್ರೆ ರೀಮ್ಯಾಪ್ ಮಾಡಿ ಆ ಲೈಟೇ ಬರದ ಹಾಗೆ ಮಾಡಿಕೊಡ್ತೀವಿ.

ಸೆನ್ಸರು ದೂರು ಕೊಟ್ಟಿತು, ಸೆನ್ಸರಿನ ಮೇಲೇ ಗೂಬೆ ಕೂರಿಸಿದರು. ಒಂದು ವಾರದ ಹಿಂದಿನವರೆಗೆ ಎರಡೂ ಚೆನ್ನಾಗಿದ್ದವು. ಪೈಪು ಬದಲಿಸಿದ ವಾರದಲ್ಲೇ ಎರಡೂ ಮಾತಾಡಿಕೊಂಡವರಂತೆ ಒಟ್ಟಿಗೆ ಸತ್ತವೆಂದರೆ ನಂಬುವುದು ಹೇಗೆ?

ನಮ್ಮೂರಿನಲ್ಲಿ ಒಬ್ಬರಿದ್ದಾರೆ. ಐಟಿಐನಲ್ಲಿ ಬಹಳ ವರ್ಷ ಮೋಟಾರ್ ಮೆಕ್ಯಾನಿಕ್ ಟ್ರೇಡಿಗೆ ಪಾಠ ಹೇಳಿ ನಿವೃತ್ತರಾದವರು, ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ಎರಡು ಗಾಡಿ ನಿಲ್ಲುವಷ್ಟು ಜಾಗ. ಬೋರ್ಡಿಲ್ಲ. ಎಲ್ಲರಿಗೂ ಮೇಷ್ಟ್ರು. ರಾತ್ರಿಯೇ ಕಾರನ್ನು ಅವರ ಶೆಡ್ಡಿಗೆ ಬಿಟ್ಟೆವು. ಸ್ಕ್ಯಾನರ್ ತೋರಿಸಹೋದರೆ ಅವರು ನೋಡಲೇ ಇಲ್ಲ.

"ಗಾಡಿಗೆ ಕೊನೇಲಿ ಕೈ ಹಾಕಿದ್ದು ಯಾರಪ್ಪಾ? ಎಲ್ಲೆಲ್ಲಿ ಬಿಚ್ಚಿದ್ರು?"

ಹುಡುಗ ಹೇಳಿದ.

"ಕೋಡ್ ಅಳಿಸಿದ್ಯಾ?"

"ಇಲ್ಲ ಸಾರ್."

"ಸದ್ಯ. ನಾಳೆ ಆರೂವರೆಗೆ ಬನ್ನಿ. ಬಿಸಿ ಗಾಡೀಲಿ ಇದು ಸಿಗಲ್ಲ."

ಕೋಡ್ ಅಳಿಸಿದರೆ ಲೈಟು ಆರುತ್ತದೆ, ಜೊತೆಗೆ ಸಾಕ್ಷಿಯೂ ಹೋಗುತ್ತದೆ. ತಪ್ಪು ದಾಖಲಾದ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಎಷ್ಟು ಬಿಸಿ ಇತ್ತು, ಗಾಡಿ ನಿಂತಿತ್ತೋ ಓಡುತ್ತಿತ್ತೋ ಎಂಬುದನ್ನೆಲ್ಲ ಕಂಪ್ಯೂಟರು ಒಂದು ಚಿತ್ರದ ಹಾಗೆ ಹಿಡಿದಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಎನ್ನುತ್ತಾರೆ. ಇದೊಂಥರಾ ಪೊಲೀಸರ ಮಹಜರು. ಕೋಡು ಬರೀ ಎಫ್‌ಐಆರು. ದೂರು ಏನೆಂದು ಹೇಳುತ್ತದೆ, ಕಳ್ಳನ ಹೆಸರು ಅದರಲ್ಲಿ ಇರುವುದಿಲ್ಲ.

ಬೆಳಗ್ಗೆ ಬಾನೆಟ್ ಎತ್ತಿ, ಹುಡುಗನನ್ನು ಒಳಗೆ ಕೂರಿಸಿ, ಸ್ಟಾರ್ಟ್ ಮಾಡಿಸಿದರು. ಸೈಲೆನ್ಸರಿನ ಅಬ್ಬರದ ನಡುವೆ ಎಂಜಿನ್ನಿನ ಮಗ್ಗುಲಲ್ಲಿ ಇನ್ನೊಂದು ಸಣ್ಣ ಸದ್ದು. ಟಿಕ್ ಟಿಕ್ ಟಿಕ್. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ. ಮೇಷ್ಟ್ರು ನನ್ನ ಮುಖ ನೋಡಿದರು. ಮೂರು ನಾಲ್ಕು ನಿಮಿಷ ಕಳೆಯುತ್ತಿದ್ದಂತೆ ಹಲ್ಲಿ ಸುಮ್ಮನಾಯಿತು. ಕಬ್ಬಿಣ ಬಿಸಿಯಾಗಿ ಹಿಗ್ಗಿ ಸಂದು ಮುಚ್ಚಿಕೊಂಡಿತ್ತು. ಪೂರ್ತಿ ಮುಚ್ಚಿಕೊಂಡಿರಲಿಲ್ಲ, ಕಿವಿಗೆ ಸಿಗದಷ್ಟು ಮಾತ್ರ. ಸಂಜೆ ಹೊತ್ತು ಬಿಸಿ ಗಾಡಿ ತಂದು ನಿಲ್ಲಿಸುವವರಿಗೆ ಈ ಸದ್ದು ಯಾವತ್ತೂ ಕೇಳುವುದಿಲ್ಲ.

ಆಮೇಲೆ ಸ್ಕ್ಯಾನರ್ ಹಿಡಿದರು. ಅವರು ನೋಡಿದ್ದು ಫ್ಯುಯೆಲ್ ಟ್ರಿಮ್ ಎಂಬ ಒಂದೇ ಸಾಲು. ಲೆಕ್ಕದ ಪ್ರಕಾರ ಕೊಡಬೇಕಾದ ಪೆಟ್ರೋಲಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಕೊಡುತ್ತಿದ್ದೇನೆ ಎಂದು ಕಂಪ್ಯೂಟರು ತಾನೇ ಒಪ್ಪಿಕೊಳ್ಳುವ ಸಂಖ್ಯೆ ಅದು. ನೂರಕ್ಕೆ ಐದು ಆಚೆ ಈಚೆ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ದಾಟಿದರೆ ಅನುಮಾನ. ಇವನ ಗಾಡಿ ನಿಂತಲ್ಲೇ ತಿರುಗುವಾಗ 19 ಹೆಚ್ಚು ತೋರಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿ 2,500 ಸುತ್ತಿಗೆ ಹಿಡಿದರೆ ಆರಕ್ಕೆ ಇಳಿಯಿತು.

"ಸೆನ್ಸರ್ ಹೋಗಿದ್ರೆ ಹಿಂಗೆ ಇಳೀತಿತ್ತಾ?" ಎಂದರು ಮೇಷ್ಟ್ರು, ಕ್ಲಾಸಿನಲ್ಲಿ ಕೇಳುವ ಧಾಟಿಯಲ್ಲೇ.

ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಅಡುಗೆಮನೆಯ ಲೆಕ್ಕದಲ್ಲಿ. ಒಂದು ಕೆಜಿ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಆ ಹದ ಕೂಡಿತೋ ಇಲ್ಲವೋ ಎಂದು ಹೊಗೆಯ ರುಚಿ ನೋಡಿ ಹೇಳುವುದು ಮುಂದಿನ ಆಕ್ಸಿಜನ್ ಸೆನ್ಸರಿನ ಕೆಲಸ. ಸಾರು ಕುದಿಯುವಾಗ ಅಮ್ಮ ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ಉಪ್ಪು ನೋಡುತ್ತಿದ್ದಳಲ್ಲ, ಹಾಗೆ. ಈಗ ಸೌಟಿನಿಂದ ಅಂಗೈಗೆ ಬರುವಷ್ಟರಲ್ಲಿ ಯಾರೋ ನಾಲ್ಕು ಹನಿ ನೀರು ಬೆರೆಸಿದರು ಎನ್ನಿ. ನಾಲಗೆಗೆ ಸಪ್ಪೆ. ಅಮ್ಮ ಉಪ್ಪು ಹಾಕುವುದು ಅಂಗೈಗಲ್ಲವಲ್ಲ, ಪಾತ್ರೆಗೆ. ಸಾರು ಕೆಟ್ಟಿತು. ನಾಲಗೆಯದೇನು ತಪ್ಪು?

ಆ ನಾಲ್ಕು ಹನಿ ನೀರು ಇಲ್ಲಿ ಹೊರಗಿನ ಗಾಳಿ. ಪೈಪಿನ ಸಂದಿನಿಂದ ಹೊಗೆ ಹೊರಗೆ ಬರುವುದು ಎಲ್ಲರಿಗೂ ಗೊತ್ತು. ಹೊರಗಿನ ಗಾಳಿ ಒಳಗೂ ಹೋಗುತ್ತದೆ ಎಂದರೆ ನಂಬುವುದು ಕಷ್ಟ. ಹೊಗೆ ನದಿಯಂತೆ ಸತತವಾಗಿ ಹರಿಯುವುದಿಲ್ಲ, ತಳ್ಳಿ ತಳ್ಳಿ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು 800 ಸುತ್ತಿನಲ್ಲಿ ನಿಮಿಷಕ್ಕೆ 1,600 ಬಾರಿ ತಳ್ಳುತ್ತದೆ. ಒಂದು ತಳ್ಳಿಗೂ ಮುಂದಿನದಕ್ಕೂ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು ಸಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಅದೇ ಗಾಳಿ ಸಿಗುತ್ತದೆ, ತೆಳು ಎನ್ನುತ್ತದೆ, ಕಂಪ್ಯೂಟರು ಪೆಟ್ರೋಲು ಸುರಿಯುತ್ತದೆ. ಎಂಜಿನ್ ಜೋರಾದಾಗ ಹೊಗೆ ದಟ್ಟವಾಗಿ ಒತ್ತೊತ್ತಾಗಿ ಬರುವುದರಿಂದ ಹೊರಗಿನ ಗಾಳಿಯ ಪಾಲು ಕಡಿಮೆ. ಅದಕ್ಕೇ 19 ಇದ್ದದ್ದು ಆರಾದದ್ದು. ಪೆಟ್ರೋಲು ಒತ್ತಡ ಕಡಿಮೆಯಾಗಿದ್ದರೆ ತಿರುಗುಮುರುಗು ಆಗುತ್ತಿತ್ತು: ನಿಂತಾಗ ಪರವಾಗಿಲ್ಲ, ಓಡಿಸಿದಷ್ಟೂ ಹೆಚ್ಚು.

ಗಾಳಿ ಎಂಜಿನ್ನಿನ ಉಸಿರಿನ ಕಡೆ, ಅಂದರೆ ಒಳಗೆ ಹೋಗುವ ಪೈಪಿನ ಕಡೆ ಕದ್ದು ನುಗ್ಗಿದರೂ ಇದೇ ಲಕ್ಷಣ. ಅದಕ್ಕೆ ಮೇಷ್ಟ್ರು ಮೊದಲು ಆ ಕಡೆಯ ರಬ್ಬರ್ ಪೈಪುಗಳ ಜಾಯಿಂಟಿಗೆಲ್ಲ ಕಾರ್ಬ್ ಕ್ಲೀನರ್ ಚಿಮ್ಮಿಸಿ ನೋಡಿದರು. ಎಂಜಿನ್ನಿನ ಸದ್ದು ಬದಲಾಗಲಿಲ್ಲ. ಆ ದಾರಿ ಮುಚ್ಚಿತು. ಆಮೇಲೆ ಒದ್ದೆ ಗೋಣಿಚೀಲ ಮಡಿಸಿ ಸೈಲೆನ್ಸರಿನ ಬಾಯಿಗೆ ಎರಡು ಮೂರು ಸೆಕೆಂಡು ಒತ್ತಿ ಹಿಡಿಯಲು ನನಗೆ ಹೇಳಿ, ತಾವು ಬಾನೆಟ್ಟಿನ ಹತ್ತಿರ ಬಗ್ಗಿದರು. ಹಿಂದೆ ದಾರಿ ಕಟ್ಟಿದ ಹೊಗೆ ಮುಂದೆ ಬುಸ್ಸೆಂದಿತು. ನಾಲ್ಕನೇ ಸಿಲಿಂಡರಿನ ಬುಡ. ಟಾರ್ಚ್ ಬಿಟ್ಟರೆ ಅಲ್ಯುಮಿನಿಯಮ್ಮಿನ ಮೇಲೆ ಬೆರಳಗಲದ ಕಪ್ಪು ಮಸಿ, ಕಾಡಿಗೆ ತೀಡಿದ ಹಾಗೆ.

ಬಿಚ್ಚಿದಾಗ ಸಿಕ್ಕಿದ್ದು ಹಳೇ ಗ್ಯಾಸ್ಕೆಟ್. ಒಮ್ಮೆ ಅದುಮಿಸಿಕೊಂಡು ಹತ್ತು ವರ್ಷ ಬೆಂದದ್ದನ್ನೇ ಮತ್ತೆ ಕೂರಿಸಿ, ಸಂಶಯಕ್ಕೆ ಸುತ್ತಲೂ ಕೆಂಪು ಸಿಲಿಕೋನ್ ಮೆತ್ತಿದ್ದರು. ತುದಿಯ ಒಂದು ಸ್ಟಡ್ಡಿನ ಮರೆ ಸವೆದು ನಟ್ಟು ತಿರುಗುತ್ತಲೇ ಇತ್ತು, ಬಿಗಿಯಾಗುತ್ತಿರಲಿಲ್ಲ. ಸಿಲಿಕೋನ್ ಕಂಡು ಮೇಷ್ಟ್ರಿಗೆ ನಿಜವಾಗಿ ಸಿಟ್ಟು ಬಂತು. ಎಲ್ಲ ಸಿಲಿಕೋನೂ ಎಕ್ಸಾಸ್ಟಿಗೆ ಆಗುವುದಿಲ್ಲ. ಸೆನ್ಸರಿಗೆ ಹಾನಿಯಿಲ್ಲ ಎಂದು ಬರೆದಿರುವುದೇ ಬೇರೆ ಬರುತ್ತದೆ. ಬೇರೆಯದರ ಆವಿ ಬಿಸಿಗೆ ಎದ್ದು ಸೆನ್ಸರಿನ ತುದಿಗೆ ಗಾಜಿನ ಹಾಗೆ ಅಂಟಿಕೊಂಡು ಅದನ್ನು ನಿಜವಾಗಿಯೂ ಕೊಲ್ಲುತ್ತದೆ.

ಎರಡನೆಯ ಕೋಡು ಇದಕ್ಕಿಂತ ಸುಲಭಕ್ಕೆ ಸಿಕ್ಕಿತು. ಆಕ್ಸಿಜನ್ ಸೆನ್ಸರಿನ ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿ. ಸುಮಾರು 300 ಡಿಗ್ರಿ ದಾಟುವವರೆಗೆ ಅದು ಬಾಯಿ ಬಿಡುವುದಿಲ್ಲ. ಬೇಗ ಬಿಸಿಯಾಗಲೆಂದು ಒಳಗೊಂದು ಸಣ್ಣ ಹೀಟರ್. ಮೇಷ್ಟ್ರು ಹಿಂದಿನ ಸೆನ್ಸರಿನ ಪ್ಲಗ್ ಕಿತ್ತು ಒಂದೇ ಬಣ್ಣದ ಎರಡು ವೈರುಗಳ ನಡುವೆ ಮಲ್ಟಿಮೀಟರ್ ಹಿಡಿದರು. ಒಂಬತ್ತು ಓಮ್. ಹೀಟರ್ ಜೀವಂತ. ಗಾಡಿ ಕಡೆಯ ವೈರಿನ ಜಾಡು ಹಿಡಿದು ಹೋದರೆ ಅದು ಹೆಡರಿನ ಪೈಪಿಗೆ ಒರಗಿ ಪ್ಲಾಸ್ಟಿಕ್ಕು ಕರಗಿ ತಾಮ್ರ ತುಂಡಾಗಿತ್ತು. ಮ್ಯಾನಿಫೋಲ್ಡಿನ ಮೇಲಿದ್ದ ತಗಡಿನ ಹೀಟ್ ಶೀಲ್ಡನ್ನು ಹೊಸ ಹೆಡರಿಗೆ ಕೂರುವುದಿಲ್ಲವೆಂದು ತೆಗೆದಿದ್ದರು. ವೈರನ್ನು ಹಿಡಿದಿದ್ದ ಕ್ಲಿಪ್ಪೂ ಅದರ ಜೊತೆ ಹೋಗಿತ್ತು.

ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್ಡು, ಒಂದಡಿ ವೈರು, ಬಿಸಿ ತಡೆಯುವ ಸ್ಲೀವು. ಎಲ್ಲ ಸೇರಿ, ಕೂಲಿಯೂ ಸೇರಿ, 2,350 ರೂಪಾಯಿ.

ಈ ಲೈಟಿಗೆ ದೊಡ್ಡ ಇತಿಹಾಸವೇ ಇದೆ. ಲಾಸ್ ಏಂಜಲೀಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿಸುತ್ತಿದ್ದ ಮಬ್ಬಿಗೆ ವಾಹನಗಳ ಹೊಗೆ ಕಾರಣವೆಂದು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದು 1975ರ ಮಾದರಿಗಳಿಂದ. ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರನ್ನು 1976ರಲ್ಲಿ ವೋಲ್ವೊ ತನ್ನ ಕಾರಿಗೆ ಮೊದಲು ಹಾಕಿತು. ಗಾಡಿ ತನ್ನ ಹೊಗೆಯನ್ನು ತಾನೇ ಕಾಯಬೇಕು, ಕೆಟ್ಟರೆ ಚಾಲಕನಿಗೆ ದೀಪ ಹಚ್ಚಿ ಹೇಳಬೇಕು ಎಂಬ ಕಟ್ಟಳೆಯನ್ನು ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಗೆ ತಂದಿತು, 1996ರಿಂದ ಅಮೆರಿಕದ ಎಲ್ಲ ಕಾರುಗಳಿಗೂ ಒಂದೇ ಬಗೆಯ ಪ್ಲಗ್ಗು, ಒಂದೇ ಬಗೆಯ ಕೋಡು. ನಮ್ಮಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್ ಕಡ್ಡಾಯವಾದದ್ದು 1995ರಲ್ಲಿ, ಸೀಸವಿಲ್ಲದ ಪೆಟ್ರೋಲಿನ ಜೊತೆ. ಗಾಡಿ ತನ್ನನ್ನು ತಾನೇ ಕಾಯುವ ಆ ಏರ್ಪಾಡು, ಅಂದರೆ ಓಬಿಡಿ, ಬಿಎಸ್4 ಕಾರುಗಳ ಜೊತೆ 2010ರಲ್ಲಿ ಬಂತು. ಬೈಕುಗಳಿಗೆ ಬಂದದ್ದು 2020ರ ಬಿಎಸ್6 ಕಾಲಕ್ಕೆ.

ಸೈಲೆನ್ಸರ್ ಬದಲಿಸಿದವರ ಮಾತಿನಲ್ಲಿ ಹೆಚ್ಚು ಓಡಾಡುವ ಕೋಡು ಪಿ0420. ಕ್ಯಾಟ್ ತನ್ನ ಕೆಲಸ ಮಾಡುತ್ತಿಲ್ಲ ಎಂಬುದು ಅದರ ದೂರು. ಕ್ಯಾಟಿನೊಳಗಿನ ಜೇನುಗೂಡಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಬಳಿದಿರುತ್ತಾರೆ. ಜೊತೆಗೆ ಸೀರಿಯಂ ಆಕ್ಸೈಡ್, ಇದು ಆಮ್ಲಜನಕದ ಕಣಜ. ಹೆಚ್ಚಿದ್ದಾಗ ತುಂಬಿಕೊಳ್ಳುತ್ತದೆ, ಕೊರತೆಯಾದಾಗ ಬಿಟ್ಟುಕೊಡುತ್ತದೆ. ಹಳೆಯ ಬಗೆಯ ಮುಂದಿನ ಸೆನ್ಸರು 0.1 ವೋಲ್ಟಿನಿಂದ 0.9ಕ್ಕೆ ಉಯ್ಯಾಲೆ ಆಡುತ್ತಲೇ ಇರುತ್ತದೆ. ಕಣಜ ತುಂಬಿದ್ದರೆ ಹಿಂದಿನ ಸೆನ್ಸರು ಮಾತ್ರ 0.6, 0.7ರ ಹತ್ತಿರ ಅಲುಗಾಡದೆ ಕೂತಿರುತ್ತದೆ. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ ಕಣಜ ಖಾಲಿ. ಆಗ ಪಿ0420. ಈಗಿನ ಬಹಳಷ್ಟು ಕಾರುಗಳಲ್ಲಿ ಕ್ಯಾಟು ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಹೆಡರ್ ಹಾಕಿಸುವುದೆಂದರೆ ಕ್ಯಾಟನ್ನೇ ಕಿತ್ತ ಹಾಗೆ; ಆ ಮೇಲೆ ಲೈಟು ಬಾರದಿದ್ದರೇ ಆಶ್ಚರ್ಯ. ನಮ್ಮ ಹುಡುಗನ ಪುಣ್ಯ, ಅವನ ಕಾರಿನಲ್ಲಿ ಕ್ಯಾಟು ನೆಲದ ಕೆಳಗೆ ಬೇರೆಯಾಗಿ ಉಳಿದಿತ್ತು. ಹಾಗಿದ್ದೂ ಇನ್ನೊಂದೆರಡು ತಿಂಗಳು ಹೀಗೇ ಪೆಟ್ರೋಲು ಸುರಿಯುತ್ತಾ ಓಡಿಸಿದ್ದರೆ ಅದೂ ಸುಟ್ಟು ಮೂರನೆಯ ಕೋಡು ಬರುತ್ತಿತ್ತು, ಅಂಗಡಿಯವನು ಆಗಲೂ "ಗಾಡಿ ಹಳೇದಲ್ವಾ" ಎನ್ನುತ್ತಿದ್ದ.

ಪಿ0420 ಬಾರದ ಹಾಗೆ ಮಾಡಲು ಒಂದು ಕಳ್ಳ ಉಪಾಯವಿದೆ. ಸ್ಪೇಸರ್ ಎಂಬ ಬೆರಳುದ್ದದ ಉಕ್ಕಿನ ಕೊಳವೆಯನ್ನು ನಡುವೆ ಹಾಕಿ ಹಿಂದಿನ ಸೆನ್ಸರನ್ನು ಹೊಗೆಯ ದಾರಿಯಿಂದ ಆಚೆ ಎಳೆದು ಕೂರಿಸುವುದು. ಮೂಗು ಮುಚ್ಚಿದವನಿಗೆ ವಾಸನೆ ಎಲ್ಲಿಂದ? ಲೈಟು ಆರುತ್ತದೆ. ರೀಮ್ಯಾಪ್ ಮಾಡಿ ಆ ಕೋಡನ್ನೇ ಅಳಿಸುವುದೂ ಇದರ ಅಣ್ಣ. ಇವೆರಡನ್ನೂ ನಾನು ರಿಪೇರಿ ಎಂದು ಒಪ್ಪುವುದಿಲ್ಲ. ಮುಂದೆ ನಿಜವಾದ ತೊಂದರೆ ಬಂದ ದಿನ ಹೇಳಬೇಕಾದವನ ಬಾಯಿ ಕಟ್ಟಿರುತ್ತದೆ, ಅಷ್ಟೆ. ಸ್ಯಾನ್ ಹೋಸೆಯಲ್ಲಿರುವ ಗೆಳೆಯನೊಬ್ಬ ಹೇಳುವ ಪ್ರಕಾರ ಅಲ್ಲಿ ಈ ಆಟ ನಡೆಯುವುದು ಕಷ್ಟ. ಗಾಡಿ ಒಂದಷ್ಟು ಹಳೆಯದಾದ ಮೇಲೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್. ಲೈಟು ಉರಿಯುತ್ತಿದ್ದರೆ ಅಲ್ಲೇ ಫೇಲು, 2021ರಿಂದ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿದ್ದರೂ ಫೇಲು. ನಮ್ಮ ಎಮಿಷನ್ ಟೆಸ್ಟಿನ ವ್ಯಾನಿನವನು ಸೈಲೆನ್ಸರಿಗೆ ಕೊಳವೆ ತೂರಿಸುತ್ತಾನೆ, ಡ್ಯಾಶ್‌ಬೋರ್ಡ್ ಕಡೆ ಕಣ್ಣೂ ಹಾಯಿಸುವುದಿಲ್ಲ.

ಬೈಕಿನ ಹುಡುಗರ ಕತೆ ಇನ್ನೂ ಚಿಕ್ಕದು. ಅಂಗಡಿಯಲ್ಲಿ ತೂಗುಹಾಕಿರುವ ಎಷ್ಟೋ ಬೆಂಡ್ ಪೈಪುಗಳಲ್ಲಿ ಸೆನ್ಸರ್ ಕೂರಿಸಲು ಮರೆಯಿರುವ ತೂತೇ ಇರುವುದಿಲ್ಲ. ಸೆನ್ಸರನ್ನು ಹಾಗೇ ತೂಗುಬಿಟ್ಟು ಟೈ ಕಟ್ಟಿ ಕಳಿಸುತ್ತಾರೆ; ಅದು ಬೀದಿಯ ಗಾಳಿಯ ರುಚಿ ನೋಡಿ ತೆಳು ತೆಳು ಎಂದು ಕೂಗುತ್ತಿರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಪಟಾಕಿ ಹೊಡೆಯುವುದನ್ನು ಪವರ್ ಎಂದುಕೊಂಡವರಿದ್ದಾರೆ. ಬಹಳ ಸಲ ಅದು ಸಡಿಲ ಜಾಯಿಂಟಿನಿಂದ ಗಾಳಿ ಸೇರಿ ಉಳಿದ ಪೆಟ್ರೋಲು ಪೈಪಿನಲ್ಲೇ ಉರಿಯುವ ಸದ್ದು.

ಕಾನೂನಿನ ಮಾತು ಕೇಳಿದರೆ ಹುಡುಗ ಮುಖ ತಿರುಗಿಸುತ್ತಾನೆ, ಆದರೂ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟದ್ದಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಸದ್ದು ಮತ್ತು ಹೊಗೆಗೆ 190ನೇ ಸೆಕ್ಷನ್ನಿನಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ. ಕಿತ್ತುಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ಚಿತ್ರ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅವನು ಅದನ್ನೂ ನೋಡಿದ್ದಾನೆ.

"ಅದು ಬೈಕಿನವರಿಗೆ ಮಾವ" ಎಂದ.

ಸೆಕ್ಷನ್ನಿನಲ್ಲಿ ಎಷ್ಟು ಚಕ್ರ ಎಂದು ಬರೆದಿಲ್ಲ. ಜಗಳ ಅಲ್ಲಿಗೇ ನಿಂತಿದೆ. ಹಳೇ ಮ್ಯಾನಿಫೋಲ್ಡೂ ಅದರ ಹೀಟ್ ಶೀಲ್ಡೂ ಹಳೇ ಸೈಲೆನ್ಸರೂ ಸದ್ಯಕ್ಕೆ ನಮ್ಮ ಮನೆಯ ಅಟ್ಟ ಸೇರಿವೆ; ಎಫ್‌ಸಿಗೆ ಹೋಗುವ ಮೊದಲು ಬಂದು ಕೂರಿಸಿಕೊಳ್ಳುತ್ತೇನೆ ಎಂದಿದ್ದಾನೆ.

ರಿಪೇರಿ ಆದ ಮೇಲೆ ಮೇಷ್ಟ್ರು ಕೋಡ್ ಅಳಿಸಿ, "ಈಗ್ಲೇ ಖುಷಿ ಪಡಬೇಡಪ್ಪಾ" ಎಂದು ಕಳಿಸಿದ್ದರು. ಅಳಿಸಿದ ಮೇಲೆ ಕಂಪ್ಯೂಟರು ಎಲ್ಲ ಪರೀಕ್ಷೆಯನ್ನೂ ಮೊದಲಿಂದ ಮಾಡಬೇಕು. ತಣ್ಣಗೆ ಸ್ಟಾರ್ಟ್ ಆಗಿ, ಊರೊಳಗೆ ಒಂದಿಷ್ಟು, ಹೈವೇಯಲ್ಲಿ ಒಂದೇ ವೇಗದಲ್ಲಿ ಒಂದಿಷ್ಟು ಓಡುವವರೆಗೆ ಕ್ಯಾಟಿನ ಪರೀಕ್ಷೆ ನಡೆಯುವುದೇ ಇಲ್ಲ. ಬಹಳಷ್ಟು ತಪ್ಪುಗಳು ಎರಡು ಓಟದಲ್ಲಿ ಮತ್ತೆ ಕಂಡರೆ ಮಾತ್ರ ಲೈಟು ಹತ್ತುತ್ತದೆ. ಸಂಜೆ ಕೋಡ್ ಅಳಿಸಿ "ಸರಿ ಹೋಯ್ತು" ಎಂದು ದುಡ್ಡು ತೆಗೆದುಕೊಳ್ಳುವ ಗ್ಯಾರೇಜಿನ ವ್ಯಾಪಾರ ನಡೆಯುವುದು ಈ ಎರಡು ಓಟದ ಸಂದಿನಲ್ಲೇ. ನಾಲ್ಕನೆಯ ದಿನ ಅವನಿಂದ ಫೋಟೋ ಬಂತು: ಎಲ್ಲ ಪರೀಕ್ಷೆ ಮುಗಿದಿವೆ, ಕೋಡಿಲ್ಲ, ಟ್ರಿಮ್ಮು ಮೂರು. ಕಂಪನಿಯ ಹಳೇ ಸೆನ್ಸರುಗಳೆರಡೂ ಅಲ್ಲೇ ಇವೆ.

ನಿಮ್ಮ ಗಾಡಿಗೂ ಪೈಪು ಬದಲಿಸಿದ ವಾರದಲ್ಲಿ ಆ ಹಳದಿ ನಲ್ಲಿ ಹತ್ತಿದರೆ, ಸೆನ್ಸರಿಗೆ ದುಡ್ಡು ಕೊಡುವ ಮೊದಲು ಗಾಡಿಯನ್ನು ಒಂದು ರಾತ್ರಿ ತಣ್ಣಗೆ ನಿಲ್ಲಿಸಿ. ಬೆಳಗ್ಗೆ ಬಾನೆಟ್ ಎತ್ತಿ, ಇನ್ನೊಬ್ಬರ ಕೈಲಿ ಸ್ಟಾರ್ಟ್ ಮಾಡಿಸಿ, ಮೊದಲ ಮೂರು ನಿಮಿಷ ಅಲ್ಲೇ ನಿಂತು ಕೇಳಿ.